ನರೇಂದ್ರನ ಮೀಸೆಯೂ ಒಂದು ಲೋಟ ಹಾಲೂ

ಮೀಸೆಯ ಮೇಲೆ ಆಣೆಯಿಟ್ಟು ಹೇಳಬೇಕಾದ ನಿಜಕತೆ ಇದು. ಆದರೆ ಕತೆ ಶುರುವಾಗುವ ಹೊತ್ತಿಗೇ ಮೀಸೆ ಹೋಗಿಬಿಟ್ಟಿತ್ತು.

ಹೋದದ್ದು ಕೈಲಾಂಚದ ನರೇಂದ್ರನ ಮೀಸೆ. ಹಿಪ್ಪುನೇರಳೆ ತೋಟವಿದೆ, ಸೀಮೆಹಸುಗಳಿವೆ, ವಯಸ್ಸು ಮೂವತ್ತು ದಾಟಿದೆ, ಮದುವೆ ಮಾತ್ರ ಇಲ್ಲ. ಕಾರಣ, ಒಂದು ಸಿನಿಮಾ. ಎರಡು ವರ್ಷದ ಕೆಳಗೆ ಅವರೂರಿನಲ್ಲಿ ‘ಹನ್ನೊಂದು ಜನ, ಒಂದೇ ಒಲೆ’ ಎಂಬ ಕೂಡುಕುಟುಂಬದ ಚಿತ್ರದ ಶೂಟಿಂಗ್ ನಡೆಯಿತು. ನೋಡಲು ನೆರೆದಿದ್ದ ಗುಂಪಿನಲ್ಲಿ ನರೇಂದ್ರ ಯಾವುದಕ್ಕೋ ನಕ್ಕ. ಅವನ ನಗುವೆಂದರೆ ಹಳೇ ಲೂನಾ ಇಳಿಜಾರಿನಲ್ಲಿ ಸ್ಟಾರ್ಟ್ ಆದ ಹಾಗೆ. ಮೊದಲು ‘ಕ್ಹೆ... ಕ್ಹೆ...’ ಅನ್ನುತ್ತದೆ, ಹತ್ತಿಕೊಂಡರೆ ಬ್ರೇಕೇ ಇಲ್ಲ.

ನಿರ್ದೇಶಕರು ತಿರುಗಿ ನೋಡಿ, “ಆ ನಗೋನ್ನ ಹಿಡ್ಕೊಂಡ್ ಬನ್ರೀ” ಎಂದರು.

ಸಿಕ್ಕಿದ್ದು ಹಾಲಿನವನ ಪಾತ್ರ. ಮನೆಯ ಹಿರಿಯ ತಾತನಿಗೆ ವಿಷ ಬೆರೆಸಿದ ಹಾಲು ಕೊಡಬೇಕು. ತಾತ “ಹಾಲು ಒಸಿ ಕಹಿ ಐತಲ್ಲ ಮಗಾ” ಎಂದು ಪ್ರಾಣ ಬಿಟ್ಟ ಮೇಲೆ ನಗಬೇಕು. ಅಷ್ಟೇ.

ಸಿನಿಮಾ ಓಡಿತು. ಎಷ್ಟು ಓಡಿತೆಂದರೆ ಕನಕಪುರ, ಮಾಗಡಿ ಕಡೆ ಪಾಲಾಗಿದ್ದ ಅಣ್ಣತಮ್ಮಂದಿರು ಥಿಯೇಟರಿನಿಂದ ಅಳುತ್ತ ಬಂದು ಒಂದಾದರು. ತಿಂಗಳೊಳಗೆ ಹೊಡೆದಾಡಿ ಮತ್ತೆ ಪಾಲಾದರು. ಚನ್ನಪಟ್ಟಣದಲ್ಲಿ ಆ ಹನ್ನೊಂದು ಜನರ ಮರದ ಗೊಂಬೆಗಳು ಬಂದವು. ಸೆಟ್ ಕೊಂಡರೆ ಹಾಲಿನವನ ಗೊಂಬೆ ಫ್ರೀ, ಮಕ್ಕಳು ತಲೆಗೆ ಮೊಟಕಲಿ ಎಂದು. ನರೇಂದ್ರನ ನಗು ಹುಡುಗರ ಫೋನುಗಳಲ್ಲಿ ರಿಂಗ್‌ಟೋನ್ ಆಯಿತು. ಅವನ ಹಸುಗಳ ಹಾಲನ್ನು ಮಾತ್ರ ಊರಲ್ಲಿ ಯಾರೂ ಮನೆಯೊಳಗೆ ಸೇರಿಸಲಿಲ್ಲ. ಹೆಣ್ಣು ನೋಡಲು ಹೋದರೆ, ಕೊಟ್ಟ ಕಾಫಿಯನ್ನೂ ವಾಪಸು ಒಯ್ಯುತ್ತಿದ್ದರು.

ಹೀಗಿರುವಾಗ ಅಕ್ಕೂರಿನಿಂದ ಒಂದು ಸಂಬಂಧ ಬಂತು. ಹುಡುಗಿ ಸುಚಿತ್ರಾ, ಚನ್ನಪಟ್ಟಣದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವವಳು. ಫೋನಿನಲ್ಲಿ ಫೋಟೋ ನೋಡಿ ‘ಬರಲಿ’ ಎಂದಿದ್ದಳು. ಅವಳಪ್ಪ ನರಸಯ್ಯ ಸಿನಿಮಾ ನೋಡುವವನೇ ಅಲ್ಲ.

“ಅವ್ರ ಮನೇಲಿ ಬ್ಯಾರೆ ಯಾರಾದ್ರೂ ಗುರ್ತು ಹಿಡುದ್ರೆ?” ಎಂದು ನರೇಂದ್ರ ಬೆಳಿಗ್ಗೆಯೇ ಬೆವರಿದ.

“ಮೀಸೆ ತೆಗೆದ್ಬುಡ್ಲಾ. ನಿಮ್ಮಪ್ಪ ಎದ್ದು ಬಂದ್ರೂ ಗುರ್ತು ಸಿಕ್ಕಲ್ಲ” ಎಂದ ಮುಜೀಬ್. ಇವನು ನರೇಂದ್ರನ ಗೆಳೆಯ. ರೇಷ್ಮೆಗೂಡು ಸಾಗಿಸುವ ಗೂಡ್ಸ್ ಆಟೋ ಇಟ್ಟವನು. ಕಂಡಕ್ಟರನಿಂದ ಹಿಡಿದು ಕರುವಿನ ತನಕ ಯಾರ ದನಿ ಬೇಕಾದರೂ ತೆಗೆಯುತ್ತಿದ್ದ.

ಮೀಸೆ ತೆಗೆದು ಬಚ್ಚಲಿನಿಂದ ಬಂದರೆ ತಾಯಿ ಮುನಿರತ್ನಮ್ಮನೇ, “ಯಾರಪ್ಪಾ? ನರೇಂದ್ರ ಸ್ನಾನಕ್ಕೆ ಹೋಗವ್ನೆ, ಕೂತ್ಕೊ” ಎಂದಳು. ಗೊತ್ತಾದ ಮೇಲೆ ಹಣೆ ಚಚ್ಚಿಕೊಂಡು, “ಹೋದ್ರೆ ಹೋಗ್ಲಿ. ಅಲ್ಲಿ ಏನೇ ಆಗ್ಲಿ, ನಗಬ್ಯಾಡ ಕಣ್ ಮಗಾ” ಎಂದು ಮಾತು ತೆಗೆದುಕೊಂಡಳು.

ಅಕ್ಕೂರಿನ ಮನೆಯಲ್ಲಿ ನರಸಯ್ಯ ತಾಯಿ, ಮಗ, ಮುಜೀಬ್ ಮೂವರನ್ನೂ ಕೂರಿಸಿದ. ಫೋನಿನ ಫೋಟೋ ನೋಡಿದ, ನರೇಂದ್ರನನ್ನು ನೋಡಿದ. ಮುಖ ಬಿಗಿಯಾಯಿತು.

“ಹುಡ್ಗ ಎಲ್ಲಿ?”

“ಇವ್ನೇ ಕಣಣ್ಣ” ಎಂದಳು ಮುನಿರತ್ನಮ್ಮ.

“ಏನಮ್ಮಾ, ತೋರಿಸೋದು ಒಬ್ಬನ್ನ, ಕರ್ಕಂಡ್ ಬರೋದು ಇನ್ನೊಬ್ಬನ್ನ? ಹುಡುಗಾಟ ಆಡ್ತಾ ಇದೀರಾ?”

ಗಲಾಟೆಗೆ ಅಕ್ಕಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತರು. ಒಬ್ಬ ಕಣ್ಣು ಅದೇ ಅಂದ, ಇನ್ನೊಬ್ಬ ಕಿವಿ ಬೇರೆ ಅಂದ. ಯಾರೋ ಪೊಲೀಸರ ಮಾತೆತ್ತಿದರು. ಆಗ ಅಡುಗೆಮನೆಯ ಪರದೆಯ ಸಂದಿಯಿಂದ ಬಳೆ ತೊಟ್ಟ ಕೈಯೊಂದು ಹೊರಬಂತು. ಕೈಯಲ್ಲಿ ಕಾಡಿಗೆ ಡಬ್ಬಿ.

“ಮೀಸೆ ಬರ್ದು ನೋಡಿ” ಎಂದಿತು ಒಳಗಿನ ದನಿ.

ನರೇಂದ್ರ ಬೇಡ ಬೇಡವೆಂದು ಕೊಸರಾಡುತ್ತಿದ್ದರೂ ಮುಜೀಬ್ ಗದ್ದ ಹಿಡಿದು ಬರೆದೇಬಿಟ್ಟ. ನರಸಯ್ಯ ಫೋಟೋ ಪಕ್ಕಕ್ಕೆ ಹಿಡಿದು, “ಅರೆ, ಇವ್ರೇ!” ಎಂದು ಕೈಮುಗಿದ.

ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಅವನ ತಾಯಿ ದೊಡ್ಡಲಕ್ಷ್ಮಮ್ಮ ಕತ್ತೆತ್ತಿದಳು. ಶೋಕೇಸಿನಲ್ಲಿ ಹನ್ನೊಂದು ಗೊಂಬೆಗಳಿದ್ದವು. ಹನ್ನೆರಡನೆಯದು, ಮೀಸೆಯದು, ಮೂಗು ಮುಕ್ಕಾಗಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಅಜ್ಜಿ ಅದನ್ನು ತಿರುಗಿಸಿ ನರೇಂದ್ರನ ಪಕ್ಕಕ್ಕೆ ಹಿಡಿದಳು.

“ಅಯ್ಯಯ್ಯೋ! ತಾತನ್ನ ಸಾಯ್ಸಿದ್ ಮುಂಡೇಮಗ! ಸುಚಿತ್ರಾ, ಹಾಲು ಮುಚ್ಚಿಡವ್ವಾ!”

“ಅಜ್ಜೀ, ಅದು ಪಿಚ್ಚರು, ತಾತ ಆಮೇಲೆ ಎದ್ದು ನಂಜೊತೇಲೆ ಮುದ್ದೆ ಉಂಡ್ರು” ಎಂದ ನರೇಂದ್ರ.

“ಸತ್ತೋನ್ ಜೊತೆ ಉಣ್ತಾನಂತೆ, ಕೇಳ್ರಪ್ಪಾ!”

ಬಾಗಿಲಲ್ಲಿದ್ದ ಹೆಂಗಸರು ಮಕ್ಕಳನ್ನು ಹಿಂದಕ್ಕೆ ಎಳೆದುಕೊಂಡರು. ಮುನಿರತ್ನಮ್ಮ ಚಪ್ಪಲಿ ಹುಡುಕತೊಡಗಿದಳು. ಅಷ್ಟರಲ್ಲಿ ಸುಚಿತ್ರಾ ಹಾಲಿನ ಲೋಟ ಹಿಡಿದು ನಡುಮನೆಗೇ ಬಂದಳು.

“ಫೋಟೋ ನೋಡ್ದಾಗ್ಲೇ ನಂಗೆ ಗುರ್ತು ಸಿಕ್ತು. ಆ ತಾತ ಇಂಟರ್ವಲ್ ಗಂಟ ಬರೀ ಬುದ್ಧಿ ಹೇಳ್ದ. ಬಾಯಿ ಮುಚ್ಸೋಕೆ ಒಬ್ರಾದ್ರೂ ಬಂದ್ರಲ್ಲ ಅಂತ ಇವ್ರನ್ನ ಒಪ್ಕಂಡೆ.” ಲೋಟವನ್ನು ನರೇಂದ್ರನ ಕೈಗಿಟ್ಟು, ಅವನ ಕೈಯಿಂದಲೇ ಇಸಿದುಕೊಂಡು ಅರ್ಧ ಕುಡಿದಳು. “ನೋಡಿ, ಏನಾದ್ರೂ ಆಯ್ತಾ? ಉಳಿದಿದ್ದು ನೀ ಕುಡಿ ಅಜ್ಜಿ.”

ಅಜ್ಜಿ ಮೊಮ್ಮಗಳ ಮುಖವನ್ನು ಒಂದಷ್ಟು ಹೊತ್ತು ನೋಡಿದಳು. ಮೊಮ್ಮಗಳು ಬೀಳಲಿಲ್ಲ. ಅಜ್ಜಿ ಲೋಟ ಮೂಸಿದಳು, ಕುಡಿದಳು, ತುಟಿ ಒರೆಸಿಕೊಂಡಳು.

“ಸಿಹಿಯಾಗೇ ಐತೆ ಕಣಪ್ಪಾ. ಒಳ್ಳೆ ಕೈ.”

ಮನೆಗೆ ಮನೆಯೇ ಉಸಿರು ಬಿಟ್ಟಿತು. ನರಸಯ್ಯ ತಾಂಬೂಲದ ತಟ್ಟೆ ತಂದ. ಮುನಿರತ್ನಮ್ಮ ಕಣ್ಣೊರೆಸಿಕೊಂಡು ಕೈ ಚಾಚಿದಳು.

“ಒಂದ್ ಮಾತು” ಎಂದಳು ಸುಚಿತ್ರಾ ನರೇಂದ್ರನಿಗೆ. “ಮೀಸೆ ಮತ್ತೆ ಬೆಳೆಸ್ಬೇಕು. ಬೋಳು ಮುಖದಲ್ಲಿ ನೀವು ಥೇಟ್ ಆ ತಾತನಂಗೇ ಕಾಣ್ತೀರ.”

ಇದಕ್ಕೇ ಕಾದಿದ್ದವನಂತೆ ಮುಜೀಬ್ ಎದೆ ಹಿಡಿದುಕೊಂಡು ಕಂಬಕ್ಕೊರಗಿ, ತಾತನ ದನಿಯಲ್ಲೇ, “ಹಾಲು ಒಸಿ ಕಹಿ ಐತಲ್ಲ ಮಗಾ...” ಎಂದು ಕುಸಿದ.

ನರಸಯ್ಯ ನಕ್ಕ. ಬಾಗಿಲಲ್ಲಿದ್ದವರು ನಕ್ಕರು. ಅಜ್ಜಿಯೂ ಬೊಚ್ಚು ಬಾಯಿ ತೆರೆದು ನಕ್ಕಳು. ನರೇಂದ್ರ ಹಲ್ಲು ಕಚ್ಚಿದ, ತೊಡೆ ಚಿವುಟಿಕೊಂಡ. ಆದರೆ ಎರಡು ವರ್ಷ ಕಟ್ಟೆ ಹಾಕಿದ್ದ ನಗು.

“ಕ್ಹೆ...”

ಮುನಿರತ್ನಮ್ಮ ಅವನ ಬಾಯಿಗೆ ಸೆರಗು ತುರುಕಲು ಹೋದಳು.

“ಕ್ಹೆ... ಕ್ಹೆ... ಕ್ಹೆಕ್ಹೆಕ್ಹೆಕ್ಹೆಕ್ಹೆ!”

ಉಳಿದವರ ನಗು ಒಮ್ಮೆಗೇ ನಿಂತಿತು. ಅಜ್ಜಿಯ ಕೈಯಿಂದ ಲೋಟ ಜಾರಿ ಠಣ್ಣೆಂದು ಬಿತ್ತು. ಅವಳು ಎರಡೂ ಕೈಯಲ್ಲಿ ಗಂಟಲು ಹಿಡಿದುಕೊಂಡು ಗೋಡೆಗೆ ಜಾರಿ ಕೂತಳು.

“ಅದೇ ನಗು ಕಣ್ರೋ! ಅಯ್ಯೋ... ಈಗ ಗೊತ್ತಾಯ್ತಾ ಐತೆ... ಹಾಲು ಒಸಿ ಕಹಿ ಐತೆ!”

ನರಸಯ್ಯ ತಾಂಬೂಲದ ತಟ್ಟೆಯನ್ನು ಮುನಿರತ್ನಮ್ಮನ ಮುಂದಿನಿಂದ ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ. ನರೇಂದ್ರನ ಕಣ್ಣೀರಿಗೆ ಕಾಡಿಗೆ ಮೀಸೆ ಕರಗಿ ಗದ್ದದವರೆಗೆ ಇಳಿದಿತ್ತು. ಆ ಮನೆಯಲ್ಲಿ ಆಗ ನಗುತ್ತಿದ್ದವನು ಅವನೊಬ್ಬನೇ.