ಮೂರು ಕಾಲಿನ ದೇವರು

ನಾನು ಬಾಳಿನಲ್ಲಿ ಒಂದೇ ಒಂದು ತೆಂಗಿನಕಾಯಿಯನ್ನು ತಪ್ಪು ಕಲ್ಲಿಗೆ ಒಡೆಯಲು ಹೋದೆ. ಅಷ್ಟಕ್ಕೇ ಪರದೇಶದ ಕಾವಲುಗಾರ ಸೀಟಿ ಊದುತ್ತ ಓಡಿಬಂದ!

ಎಪ್ಪತ್ತೆಂಟನೇ ಇಸವಿಯ ಸುಮಾರು. ದೇವದುರ್ಗದ ಹತ್ತಿರದ ಮಸರಕಲ್‌ನವನಾದ ನಾನು ಕೃಷ್ಣಾ ನದಿ ಬಿಟ್ಟರೆ ಬೇರೆ ನೀರು ಕಂಡವನಲ್ಲ. ಆದರೂ ದುಡಿಯಲು ಮುಂಬಯಿಗೆ ಹೋದವನು, ಸರಕಿನ ಹಡಗಿನಲ್ಲಿ ಈರುಳ್ಳಿ ಹೆಚ್ಚುವ ಘನವಾದ ಹುದ್ದೆಗೆ ಏರಿಬಿಟ್ಟೆ. ಕೊಡಿಸಿದವನು ಹಡಗಿನ ಅಡಿಗೆಯವ, ಮಾನ್ವಿಯ ಮೌಲಾ ಕಾಕಾ. ಊರು ಬಿಡುವಾಗ ಅವ್ವ ನನ್ನ ಜೇಬಿಗೆ ಕುಂಕುಮದ ಪೊಟ್ಟಣ ತುರುಕಿದ್ದಳು.

"ಯಪ್ಪಾ, ಸಮುದ್ರ ದಾಟಿ ನೆಲಕ್ಕ ಕಾಲಿಟ್ಟ ಕೂಡ್ಲೆ ಮೊದ್ಲ ಕಂಡ ದೇವ್ರಿಗಿ ಕಾಯಿ ಒಡಿ. ಹರಕಿ ಹೊತ್ತೀನಿ. ಮರತ್ರ ನೀ ತಿರುಗಿ ಬರೂದು ಅನುಮಾನ ನೋಡು!"

ಹಡಗು ಕೆರಿಬಿಯನ್ ಕಡಲ ದಂಡೆಯ ಲಿಮೋನ್ ಎಂಬ ಪ್ರಾಂತ್ಯ ಮುಟ್ಟಿತು. ನಮ್ಮ ಎರೆಹೊಲದಷ್ಟೇ ಕಪ್ಪು ಮರಳು, ಕಣ್ಣು ಹಾಯಿಸಿದಲ್ಲೆಲ್ಲ ತೆಂಗು. ಗುಡಿ ಮಾತ್ರ ಎಲ್ಲೂ ಇಲ್ಲ!

"ಐದಕ್ಕ ಹಡಗ ಬಿಡ್ತದ. ಯಾರಿಗೂ ಕಾಯಂಗಿಲ್ಲ. ಇಲ್ಲೇ ಬಿದ್ದಿರು," ಎಂದು ಹೇಳಿ ಕಾಕಾ ಮೆಣಸಿನಕಾಯಿ ತರಲು ಹೋದ.

ನಾನು ಬಿದ್ದಿರಲಿಲ್ಲ, ದಂಡೆ ಹಿಡಿದು ನಡೆದೆ. ಸ್ವಲ್ಪ ದೂರದಲ್ಲಿ ಒಂದು ತೆಂಗಿನ ಗರಿಯ ಚಪ್ಪರ, ಅದರ ಕೆಳಗೆ ಮೂರು ಕಾಲಿನ ಕಲ್ಲು. ಅದಕ್ಕೆ ಹುಲಿಯಂಥ ತಲೆ. ಮುಂದೊಂದು ಹಲಗೆ, ಬರೆದದ್ದು ಓದಲು ಬರಲಿಲ್ಲ. ದೇವರ ಹೆಸರಲ್ಲದೆ ಇನ್ನೇನು ಬರೆದಾರು? ಚಪ್ಪಲಿ ಬಿಟ್ಟೆ. ಹುಲಿಯ ಹಣೆಗೆ, ಬೆನ್ನಿಗೆ ಕುಂಕುಮ ಬಳಿದೆ. ಕಾಕಾನ ಅಡಿಗೆಮನೆಯಿಂದ ಎಗರಿಸಿ ತಂದ ಕಾಯಿಯನ್ನು ಎತ್ತಿ, ಅವ್ವನನ್ನು ನೆನೆದು, ಕಲ್ಲಿಗೆ ಬಡಿದೆ.

ಕಾಯಿ ಒಡೆಯಲಿಲ್ಲ. ದೇವರ ಕಾಲು ಮುರಿಯಿತು!

ತಪ್ಪಾಯಿತೆಂದು ಉದ್ದಕ್ಕೆ ಅಡ್ಡಬಿದ್ದೆ. ಅಷ್ಟರಲ್ಲಿ ಸೀಟಿ! ತಲೆ ಎತ್ತಿದರೆ ಒಬ್ಬ ಮುದುಕ. ಪೂಜಾರಿಯೇ ಬಂದನೆಂದು ಒಡೆಯದ ಕಾಯಿಯನ್ನೇ ಎರಡೂ ಕೈಯಿಂದ ಒಪ್ಪಿಸಿದೆ. ಆತ ಅದನ್ನು ನನ್ನ ತಲೆಗೆ ಒಡೆಯುವವನಂತೆ ಹಿಡಿದ.

ಪುಣ್ಯಕ್ಕೆ ಕಾಕಾ ಬಂದ. ಬಂದರುಗಳಲ್ಲಿ ಕಲಿತ ಹರಕುಮುರುಕು ಭಾಷೆಯಲ್ಲಿ ಮಾತಾಡಿಸಿ, ನನ್ನ ಕಡೆ ತಿರುಗಿ ತಲೆ ಚಚ್ಚಿಕೊಂಡ.

"ಏ ಹುಚ್ಚಪ್ಯಾಲಿ, ದೇವ್ರಲ್ಲಲೇ ಇದು! ನಿಮ್ಮವ್ವ ಜ್ವಾಳ ಬೀಸ್ತಾಳಲ್ಲ, ಅಂಥಾ ಹಿಟ್ಟಿನ ಕಲ್ಲು! ಇವ್ರು ಇಲ್ಲಿ ಮೂಲದ ಮಂದಿ. ಇವ್ರ ಹಿಂದಿನವ್ರು ಎಷ್ಟೋ ನೂರು ವರ್ಷದ ಹಿಂದ ಇದ್ರ ಮ್ಯಾಲ ಮೆಕ್ಕಿಜ್ವಾಳ ಅರೀತಿದ್ರಂತ. ಸರ್ಕಾರ ಕಾಪಾಡಿ ಇಟ್ಟದ. ಈ ಕಾವಲುಗಾರ ಪೊಲೀಸ್ರನ್ನ ಕರೀತೀನಿ ಅನ್ನಾಕತ್ಯಾನ!"

"ಕಾಕಾ, ಹಡಗು?"

"ಹಡಗ ಹೋಗ್ತದ. ನೀ ಇಲ್ಲೇ ಮುದುಕ ಆಗ್ತಿ!"

ನನ್ನ ಕಣ್ಣಲ್ಲಿ ನೀರು ಬಂತು. ಮುದುಕ ಬಗ್ಗಿ ಮುರಿದ ಕಾಲನ್ನು ತಿರುಗಿಸಿ ನೋಡಿದ. ಒಮ್ಮೆಲೇ ಮೆತ್ತಗಾದ. ಕಾಕಾನ ಕಿವಿಯಲ್ಲಿ ಏನೋ ಹೇಳಿದ. ಕಾಕಾ ಹೊಟ್ಟೆ ಹಿಡಿದು ನಗತೊಡಗಿದ. ಹೋದ ತಿಂಗಳು ಧೂಳು ಹೊಡೆಯುವಾಗ ಅದೇ ಕಾಲನ್ನು ಆ ಮುದುಕನೇ ಮುರಿದು, ಯಾರಿಗೂ ಹೇಳದೆ ಅಂಟು ಹಚ್ಚಿ ನಿಲ್ಲಿಸಿದ್ದನಂತೆ. ಈಗ ಅವನಿಗೂ ಪೊಲೀಸರು ಬೇಡವಾದರು! ಇಬ್ಬರೂ ಅಪರಾಧಿಗಳು ಅಕ್ಕಪಕ್ಕ ಕುಕ್ಕರಗಾಲಲ್ಲಿ ಕೂತೆವು. ಅವನು ಅಂಟು ಹಚ್ಚಿದ, ನಾನು ಕುಂಕುಮ ತೊಳೆದೆ. ಹುಲಿಯ ಕಿವಿಯೊಳಗೆ ಜಾರಿದ್ದ ಕುಂಕುಮ ಹೋಗುವಷ್ಟರಲ್ಲಿ ಹಡಗು ಕೂಗಿತು. ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ.

ಊರಿಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ. ಜೋಳ ಬೀಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು. ಹರಕೆ ತೀರಲಿಲ್ಲವೆಂದು ಅಳುತ್ತಾಳೆ ಎಂದುಕೊಂಡೆ.

"ಯಪ್ಪಾ, ಹುಟ್ಟಿದಾಗಿಂದ ಈ ಕಲ್ಲು ದಾಟಿ ಅಡ್ಡಾಡಿದಿ, ಒಂದಿನಾನೂ ಇದ್ರ ಗೂಟ ಮುಟ್ಟಲಿಲ್ಲ. ಅಷ್ಟು ದೂರ ಹೋಗಿ ಹಿಟ್ಟಿನ ಕಲ್ಲಿಗಿ ಉದ್ದಕ ಬಿದ್ದು ಬಂದೀಯಾ? ಬಾ, ಕೂಡು. ಈ ದೇವ್ರಿಗಿ ಕಾಯಿ ಬ್ಯಾಡ. ಜ್ವಾಳ ಹಾಕು!"