ದೆವ್ವ ಕೊಟ್ಟ ಬೆಲ್ಲ ನೀರು

ಕೇಳದಿದ್ದರೂ ಸಲಹೆ ಕೊಡುವ ಚಟ ಕೆಲವರಿಗಿರುತ್ತದೆ. ನನಗೂ ಇದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳದ್ದರಿಂದ ಇಷ್ಟು ದಿನ ಅನಾಹುತ ಆಗಿರಲಿಲ್ಲ. ಒಮ್ಮೆ ಮಾತ್ರ ಮಗಳು ಒಪ್ಪಿಬಿಟ್ಟಳು. ಆ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ಮಗಳು ಸುಮಾ ಬೈಂದೂರಿನಲ್ಲಿ ಡಿಗ್ರಿ ಓದುತ್ತಿದ್ದ ಕಾಲ. ಮದುವೆ ವಿಡಿಯೋ ತೆಗೆಯುವವರೊಬ್ಬರ ಹಳೇ ಕ್ಯಾಮೆರಾ ಇಸಕೊಂಡು, ಗೆಳತಿಯರನ್ನು ಕಟ್ಟಿಕೊಂಡು ದೆವ್ವದ ಸಿನಿಮಾ ಮಾಡಲು ಹೊರಟಳು. ಪ್ರವಾಸ ಹೋದ ಐದು ಹುಡುಗಿಯರ ಜೀಪು ಮರವಂತೆಯ ಹತ್ತಿರ ಕೆಟ್ಟು ನಿಲ್ಲುತ್ತದೆ. ಆಚೆ ಕಡಲು, ಈಚೆ ಹೊಳೆ, ನಡುವೆ ಒಂದು ಪಾಳು ಮನೆ. ಪಾಳು ಮನೆಗೆ ನಮ್ಮ ಮನೆಯೇ ಸಾಕು ಎಂದಳು. ಅದೇ ವರ್ಷ ಸುಣ್ಣ ಬಳಿಸಿದ್ದ ನನಗೆ ಅದು ಮೊದಲ ಪೆಟ್ಟು. ರಕ್ತಕ್ಕೆ ಪುನರ್ಪುಳಿ ರಸ, ಕತ್ತಲೆಗೆ ಕಿಟಕಿಗೆ ಕಟ್ಟಿದ ಟಾರ್ಪಾಲು, ದೆವ್ವಕ್ಕೆ ಉದ್ದ ಕೂದಲಿನ ನನ್ನ ಹೆಂಡತಿ ವಾರಿಜ. ಗಂಡ ಗಟ್ಟಿಯಾಗಿರುವಾಗ ಬಿಳಿ ಸೀರೆ ಉಡುವುದಿಲ್ಲವೆಂದು ಅವಳು ಹಟ ಹಿಡಿದದ್ದರಿಂದ, ನಮ್ಮ ದೆವ್ವ ಹಸಿರು ಸೀರೆ ಉಟ್ಟಿತು.

ವಾರಿಜಳ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಮೆಟ್ಟಿಲು ಹತ್ತಿದವರು ಯಾರೂ ಅವಳ ಕೈಯ ಬೆಲ್ಲ, ನೀರು ಮುಟ್ಟದೆ ಇಳಿದದ್ದಿಲ್ಲ. ಕರೆಂಟು ಕಂಬ ಹತ್ತಲು ಬಂದವನನ್ನೂ ಕೆಳಗಿಳಿಸಿ ಕುಡಿಸಿದವಳು. ಹೀಗಿರುವಾಗ, ಬಾಗಿಲು ಕಿರ್ರೆಂದು ತೆರೆದು ಹುಡುಗಿಯರು ನಡುಗುತ್ತಾ ಒಳಗೆ ಬಂದರೆ ದೆವ್ವ ಕೂದಲು ಹಿಂದೆ ಸರಿಸಿ, "ಬನ್ನಿ ಮಕ್ಳೆ, ಕೂಕಣಿ. ಬಾಯಾರಿಕೆ ಎಂತ ಬೇಕ್?" ಎಂದಿತು.

ಮಗಳು ತಲೆ ಚಚ್ಚಿಕೊಂಡಳು. ವಾರಿಜ ಮಾತ್ರ ಶಾಂತವಾಗಿ, "ದೆವ್ವ ಆದ್ರೆ ಎಂತ ಆಯ್ತ್? ಬಿಸ್ಲಂಗ್ ಬಂದ ಮಕ್ಳಿಗೆ ನೀರ್ ಕೊಡ್ದೆ ಹೆದ್ರಸುಕ್ ಆತ್ತಾ?" ಎಂದಳು. ಬಾಯಿ ಮುಚ್ಚಿಕೊಂಡಿರು ಎಂದು ಮಗಳು ಗದರಿಸಿ ದೃಶ್ಯವನ್ನು ಮತ್ತೆ ತೆಗೆದರೆ, ಬಾಯಿ ಸುಮ್ಮನಿತ್ತು, ಕೈ ಚೊಂಬು ಹಿಡಿದುಕೊಂಡೇ ಬಂದಿತ್ತು. ಆಗ ನಾನು ಬಾಯಿ ಹಾಕಿದೆ. ಹೇಗೂ ಕೊಡುತ್ತಾಳೆ, ಕೊಡಲಿ. ದೆವ್ವದ ಬೆಲ್ಲ ನೀರು ಕುಡಿದವರೆಲ್ಲ ಸಾಯಲಿ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಉಬ್ಬಿಹೋದೆ.

ಭಾನುವಾರ ಮಧ್ಯಾಹ್ನ ಸಭಾಭವನದಲ್ಲಿ ಪರದೆ ಕಟ್ಟಿ ಊರಿಗೆಲ್ಲ ತೋರಿಸಿದರು. ವಾರಿಜ ನಗುತ್ತಾ ಚೊಂಬು ಚಾಚಿದಾಗ ಹೆಂಗಸರು ಕಿರುಚಿದ್ದು ಕೇಳಿ ನಾನೇ ಬೆಚ್ಚಿಬಿದ್ದೆ.

ನಿಜವಾದ ಹೆದರಿಕೆ ಮರುದಿನ ಶುರುವಾಯಿತು. ದಿನಾ ಜಗಲಿಯಲ್ಲಿ ಬುಟ್ಟಿ ಇಳಿಸಿ, ಗಟಗಟ ನೀರು ಕುಡಿದು ದಣಿವಾರಿಸಿಕೊಳ್ಳುತ್ತಿದ್ದ ಮೀನಿನ ಗಿರಿಜಕ್ಕ ಅಂಗಳದಲ್ಲೇ ನಿಂತಳು. "ಬ್ಯಾಡ ಅಮ್ಮ, ಈಗಳ್ ಕುಡ್ಕಂಡೇ ಬಂದೆ" ಎಂದು, ಬಂಗುಡೆ ಕೊಟ್ಟು ತಿರುಗಿ ನೋಡದೆ ಹೋದಳು. ಪೋಸ್ಟಿನವರಿಗೆ ಒಮ್ಮೆಲೇ ಬಾಯಾರಿಕೆ ನಿಂತುಹೋಯಿತು. ಶಿರೂರಿನಿಂದ ಬಂದ ನನ್ನ ಸ್ವಂತ ಅಕ್ಕ ಬ್ಯಾಗಿನಿಂದ ತನ್ನದೇ ಬಾಟಲಿ ತೆಗೆದಳು. ನಮ್ಮ ಕಡೆ ಕೊಟ್ಟ ನೀರು ಮುಟ್ಟದಿದ್ದರೆ ಮನೆಯನ್ನೇ ಮುಟ್ಟದ ಹಾಗೆ. ತುಂಬಿದ ಚೊಂಬನ್ನು ವಾರಿಜ ಬಸಳೆ ಬುಡಕ್ಕೆ ಚೆಲ್ಲಿ, ನನ್ನ ಕಡೆ ನೋಡದೆ ಒಳಗೆ ಹೋದಳು. ಅವಳ ಕಣ್ಣು ಒದ್ದೆಯಾಗಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಸಂಜೆ ಅವಳೇ ಪರಿಹಾರ ಹೇಳಿದಳು. "ಹ್ವಾಯ್, ಸಾಯ್ಲಿ ಅಂದದ್ದ್ ನೀವ್. ಇನ್ನ್ ಮೇಲ್ ಮೊದ್ಲ್ ನೀವೇ ಕುಡೀನಿ."

ಅಂದಿನಿಂದ ಅದೇ ಪದ್ಧತಿ. ಯಾರೇ ಬರಲಿ, ಅವರೆದುರು ಮೊದಲ ಲೋಟ ನನಗೆ. ಒಂದೊಂದು ದಿನ ಆರೇಳು ಲೋಟ ಬೆಲ್ಲ ನೀರು. ಗಿರಿಜಕ್ಕ ಮತ್ತೆ ಜಗಲಿಗೆ ಬರುತ್ತಾಳೆ. ನಾನು ಕುಡಿದು ಒಂದು ನಿಮಿಷ ಕಳೆದ ಮೇಲೆ ತಾನೂ ಕುಡಿಯುತ್ತಾಳೆ. ವಾರಿಜಳ ಮುಖ ಅರಳುತ್ತದೆ. ಆ ಒಂದು ನಿಮಿಷ ಎಲ್ಲರೂ ನನ್ನನ್ನೇ ನೋಡುತ್ತಿರುತ್ತಾರೆ. ಹೇಳಲು ನಾಚಿಕೆ, ಆ ಒಂದು ನಿಮಿಷ ನಾನೂ ಉಸಿರು ಬಿಗಿಹಿಡಿದು ಕಾಯುತ್ತೇನೆ.