ಸೂರಪ್ಪನ ಕ್ಯಾರೆಕ್ಟರ್

ದಾವಣಗೆರೆಯ ಬಟ್ಟೆ ಗಿರಣಿಯಲ್ಲಿ ಮಗ್ಗ ನಡೆಸುವ ಸೂರಪ್ಪನ ನೆಮ್ಮದಿಯನ್ನು ಒಂದು ಇಂಗ್ಲಿಷ್ ಪದ ಬೆಳಗಿನ ಪಾಳಿಯಲ್ಲೇ ಹಾಳುಮಾಡಿತು. ಬೊಂಬಾಯಿಯಿಂದ ಹೊಸದಾಗಿ ಬಂದಿದ್ದ ಮ್ಯಾನೇಜರ್ ಸಾಹೇಬರು ಅವನ ಮಗ್ಗದ ಮುಂದೆ ನಿಂತು, ನೇಯ್ದ ಬಟ್ಟೆ ಸವರಿ, ನಕ್ಕು, ಏನೋ ಹೇಳಿ ಹೋದರು. ಅದರಲ್ಲಿ ಸೂರಪ್ಪನಿಗೆ ನೆನಪುಳಿದದ್ದು ‘ಕ್ಯಾರೆಕ್ಟರ್’ ಒಂದೇ.

ಪಕ್ಕದ ಮಗ್ಗದ ಉಚ್ಚೆಂಗಪ್ಪ ಕರೆಯದೆಯೇ ಬಂದ. “ಏನಂದ್ರಲೇ ಸಾಹೇಬ್ರು?”

“ಕ್ಯಾರೆಕ್ಟರ್ ಅಂದ್ರಪ್ಪ.”

“ಸತ್ತಿ ಬಿಡು! ಹಂಗಂದ್ರೆ ನಡತೆ. ಸರಿ ಇದ್ದೋನ ನಡತೆ ಮಾತು ಯಾರಾದ್ರೂ ಎತ್ತುತಾರೇನು?”

“ನಕ್ಕೊಂತ ಅಂದ್ರಲ್ಲೋ!”

“ಹೋದ ವಾರ ಸಣ್ಣಬೀರಪ್ಪನ್ನ ಮನಿಗೆ ಕಳಿಸಿದ್ದೂ ನಕ್ಕೊಂತನೇ.”

ಮೇಸ್ತ್ರಿಯ ಜಾಗ ಖಾಲಿ ಇತ್ತು. ಅದು ತನಗೇ ಸಿಗುತ್ತದೆಂದು ಸೂರಪ್ಪ ಹೆಂಡತಿ ಯಲ್ಲಕ್ಕನ ಮುಂದೆ ಜಂಬ ಕೊಚ್ಚಿಯೂ ಆಗಿತ್ತು. ಮೇಸ್ತ್ರಿಕೆ ಹಾಳಾಗಲಿ, ಇರುವ ಮಗ್ಗವೂ ಹೋಯಿತಲ್ಲ ಎಂದು ಸಂಕಟಪಟ್ಟ. ಊಟದ ಬಿಡುವಿನಲ್ಲಿ ಗೇಟಿನ ಬಳಿ ಚಹಾ ಮಾರುವ ಜೈನಾಬಿ, “ಮೊನ್ನೆ ಇಲ್ಲಿ ಜಗಳ ಆಡಿದ್ಯಲ್ಲ ಭಾಯ್, ಅದೇ ಸಾಹೇಬ್ರ ಕಿವಿಗೆ ಬಿದ್ದೈತೆ” ಎಂದು ಒಗ್ಗರಣೆ ಹಾಕಿದಳು.

ಇಂಥ ಇಕ್ಕಟ್ಟಿಗೆ ಹರಿಹರದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವಾಮದೇವಪ್ಪ ಮೇಷ್ಟ್ರೇ ಗತಿ. ರಜೆ ಹಾಕಿದವರ ಜಾಗದಲ್ಲಿ ದುಡಿಯಲು ಗೇಟಿನಲ್ಲಿ ಕಾದು ಕೂರುವ ಬದಲಿ ಆಳುಗಳಲ್ಲಿ ಒಬ್ಬನಾದ ಕುಕ್ಕುವಾಡದ ಗುತ್ತೆಪ್ಪನನ್ನು ಸೂರಪ್ಪ ಗುಟ್ಟಾಗಿ ಎಳೆದು ತಂದು ತನ್ನ ಮಗ್ಗಕ್ಕೆ ನಿಲ್ಲಿಸಿದ. “ಯಾರೇನು ಕೇಳಿದ್ರೂ ಹೂಂ ಅನ್ನು, ಜಾಸ್ತಿ ಮಾತು ಬ್ಯಾಡ” ಎಂದು ಹೇಳಿ ಬಸ್ಸು ಹತ್ತಿದ.

ಮೇಷ್ಟ್ರು ಜಗಲಿಯಲ್ಲಿ ಮಂಡಕ್ಕಿ ಮೆಲ್ಲುತ್ತಿದ್ದರು. ರಿಟೈರಾದ ಮೇಲೆ ಅವರನ್ನು ಇಂಗ್ಲಿಷ್ ಕೇಳಿದವರೇ ಇರಲಿಲ್ಲ. ಪ್ರಶ್ನೆ ಕಿವಿಗೆ ಬಿದ್ದದ್ದೇ ನೆಟ್ಟಗೆ ಕೂತರು.

“ಯೂ ಹ್ಯಾವ್ ಕ್ಯಾರೆಕ್ಟರ್ ಅಂದ್ರೋ, ಯೂ ಆರ್ ಎ ಕ್ಯಾರೆಕ್ಟರ್ ಅಂದ್ರೋ?”

“ಎರಡೂ ಒಂದೇ ಅಲ್ಲೇನ್ರಿ?”

“ಹುಚ್ಚಪ್ಪ! ಮೊದಲ್ನೇದು ನೀನು ಗುಣವಂತ ಅಂತ. ಎರಡನೇದು ನಿನ್ನಂಥ ವಿಚಿತ್ರ ಪ್ರಾಣಿ ಇನ್ನೊಂದಿಲ್ಲ ಅಂತ.”

“ನಿಮಗೆ ಯಾವುದು ಅನ್ನಿಸ್ತೈತ್ರಿ?”

ಮೇಷ್ಟ್ರು ಅವನನ್ನು ಮೇಲಿಂದ ಕೆಳಗೆ ನೋಡಿದರು. “ಎರಡೂ ನಿನಗೆ ಒಪ್ಪುತ್ತೆ. ಆದ್ರೆ ಎರಡರಲ್ಲೂ ಕೆಲಸದಿಂದ ತೆಗೀತೀನಿ ಅನ್ನೋ ಅರ್ಥ ಇಲ್ಲ. ಬಟ್ಟೆ ಸವರಿ ನಕ್ಕಿದಾರೆ ಅಂದ್ರೆ ಮೆಚ್ಚಿದಾರೆ. ಎದ್ದು ಹೋಗು!”

ಸೂರಪ್ಪನಿಗೆ ಹೋದ ಜೀವ ಬಂದಂತಾಯಿತು. ವಾಪಸು ಬಸ್ಸು ದಾರಿಯ ಬಾತಿ ಊರನ್ನು ದಾಟುವ ಹೊತ್ತಿಗೆ, ಮೇಸ್ತ್ರಿಯಾದ ಮೇಲೆ ರುಮಾಲು ಹೇಗೆ ಸುತ್ತಬೇಕೆಂದು ಯೋಚಿಸತೊಡಗಿದ್ದ.

ಗಿರಣಿಯಲ್ಲಿ ಅವನ ಮಗ್ಗ ಅನಾಥವಾಗಿ ನಿಂತಿತ್ತು. ಉಚ್ಚೆಂಗಪ್ಪ ಹಣೆ ಚಚ್ಚಿಕೊಂಡ.

“ಎಲ್ಲಿ ಹಾಳಾಗಿ ಹೋಗಿದ್ಯೋ? ಸಾಹೇಬ್ರು ಗುಮಾಸ್ತನ್ನ ಕರ್ಕೊಂಡು ಬಂದಿದ್ರು. ‘ಬೆಳಿಗ್ಗೆ ಈ ಮಗ್ಗದೋನ ಕೆಲಸ ನೋಡಿ ಮೆಚ್ಚಿದೆ, ಮೇಸ್ತ್ರಿ ಆಗ್ತೀಯೇನು’ ಅಂತ ಕನ್ನಡದಾಗೇ ಕೇಳಿಸಿದ್ರು. ಗುತ್ತೆಪ್ಪ ಹೂಂ ಅಂದ.”

“ಅವನು ನಾನಲ್ಲ ಅಂತ ನೀನಾದ್ರೂ ಹೇಳಬಾರದಾ?”

“ಹೇಳಿದ್ರೆ ನೀನು ಮಗ್ಗ ಬಿಟ್ಟು ಓಡಿದ್ದು ಬಯಲಾಗ್ತಿತ್ತಲ್ಲೋ! ನಿನ್ನ ನೌಕರಿ ಉಳೀಲಿ ಅಂತ ಬಾಯಿ ಮುಚ್ಕೊಂಡೆ. ಅವರಿಗೆ ನಮ್ಮ ಮುಖ ಎಲ್ಲಿ ಗೊತ್ತೈತೆ? ಮಗ್ಗದ ನಂಬರ್ ನೋಡ್ತಾರೆ, ಅಷ್ಟೇ.”

ಸೂರಪ್ಪನಿಗೆ ಅಳು ಬಂತು. ಆದರೂ ನೌಕರಿ ಉಳಿಯಿತಲ್ಲ! ಉಸ್ಸಪ್ಪಾ ಎಂದು ಮಗ್ಗ ಚಾಲೂ ಮಾಡಿದ.

ಅಷ್ಟರಲ್ಲಿ ಸಾಹೇಬರು ಮತ್ತೆ ಬಂದರು. ಹಿಂದೆ ಹೊಸ ಮೇಸ್ತ್ರಿ ಗುತ್ತೆಪ್ಪ. ಸಾಹೇಬರು ಸೂರಪ್ಪನತ್ತ ಬೆರಳು ತೋರಿಸಿ, “ನ್ಯೂ ಬದಲಿ?” ಎಂದರು.

ಈ ಇಂಗ್ಲಿಷಿಗೆ ಯಾವ ಮೇಷ್ಟ್ರೂ ಬೇಕಾಗಲಿಲ್ಲ. ಸೂರಪ್ಪ ಮಗ್ಗದ ಮೇಲೆ ಬಗ್ಗಿ ಮುಖ ಮರೆಸಿಕೊಂಡ. ಗುತ್ತೆಪ್ಪ ಮಾತ್ರ ಉಪಕಾರ ಮರೆಯುವವನಲ್ಲ.

“ಹೂಂನ್ರಿ ಸಾಹೇಬ್ರ, ನಂಬಿಕಸ್ಥ ಆಳು. ನಾಳೆನೂ ಇವನ್ನೇ ಕರೀತೀನ್ರಿ.”

ಸಾಹೇಬರು ನಕ್ಕು ಮುಂದೆ ಹೋದರು. ನಾಳೆಗೂ ಕೆಲಸ ಉಂಟೆಂಬ ಸಮಾಧಾನಕ್ಕೆ ಸೂರಪ್ಪ ಗುತ್ತೆಪ್ಪನಿಗೆ ಕೈಮುಗಿದ.